ರಕ್ತದ ಮಾತ್ರೆ ಅಂತ ಹೇಳಿಕೊಟ್ಟೆ

ನನ್ನ ತಂಗಿಗೆ ಮೂರ್ಛೆ ರೋಗವಿತ್ತು. ಅವಳು ಬದುಕಿದ್ದಾಗ ಈ ಮಾತನ್ನು ಹೊರಗಿನವರ ಎದುರು ನಾನು ಒಮ್ಮೆಯೂ ಆಡಲಿಲ್ಲ. ನಮ್ಮದು ತಾಳಗುಂದದ ಕಡೆಯ ಊರು. ಅವಳು ಬಿದ್ದಾಗಲೆಲ್ಲ ಅವ್ವ ಓಡಿಬಂದು ಅವಳ ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸುತ್ತಿದ್ದಳು, ಯಾರೂ ನೋಡದಂತೆ ನಾನು ಬಾಗಿಲು ಹಾಕುತ್ತಿದ್ದೆ. ಶಿಕಾರಿಪುರದ ಡಾಕ್ಟರು ಮಾತ್ರೆ ಬರೆದುಕೊಟ್ಟ ಮೇಲೆ ಬೀಳುವುದು ನಿಂತಿತು. ಮುಚ್ಚಿಡುವುದು ನಿಲ್ಲಲಿಲ್ಲ.

ಅವಳಿಗೆ ಸೊರಬದ ಕಡೆಯಿಂದ ಸಂಬಂಧ ಕೇಳಿಕೊಂಡು ಬಂದಿದ್ದರು. ಅದೇ ದಿನಗಳಲ್ಲಿ ಶಿರಾಳಕೊಪ್ಪದ ಸಮುದಾಯ ಭವನದಲ್ಲಿ ಮೆದುಳಿನ ಬಗ್ಗೆ ತಿಳಿವಳಿಕೆ ಕೊಡುವ ಕಾರ್ಯಕ್ರಮ ನಡೆಯಿತು. ಮಹಿಳಾ ಸಂಘದ ಹೆಂಗಸರೆಲ್ಲ ಬರಲೇಬೇಕು ಅಂದಿದ್ದರಿಂದ ತಂಗಿಯನ್ನೂ ಕರೆದುಕೊಂಡು ಹೋದೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅರ್ಥವಾಗಲಿಕ್ಕಿಲ್ಲ ಅಂದುಕೊಂಡಿದ್ದೆ. ಎಲ್ಲವೂ ಅರ್ಥವಾಯಿತು.

ಒಬ್ಬರು ಡಾಕ್ಟರಮ್ಮ, ಜೊತೆಗೆ ಕೆಲವು ಕಾಲೇಜು ಹುಡುಗಿಯರು. ಪ್ಲಾಸ್ಟಿಕ್ಕಿನ ಮೆದುಳನ್ನು ಭಾಗ ಭಾಗ ಬಿಡಿಸಿ ನಮ್ಮ ಕೈಗೆ ಕೊಟ್ಟರು.

“ಹೂಕೋಸು ಇದ್ದಂಗೈತಲ್ರೀ,” ಅಂದಳು ನಮ್ಮ ಸಂಘದ ಮುದುಕಿಯೊಬ್ಬಳು. “ನಮ್ಮ ಮನೆಯೋರ ತಲಿಯಾಗೂ ಇದು ಐತೇನ್ರೀ?”

“ಐತಮ್ಮ,” ಅಂದರು ಡಾಕ್ಟರಮ್ಮ.

“ಹಂಗಾರ ಇಷ್ಟು ವರ್ಷ ಸುಮ್ನ ಬೈದೆ ಬಿಡ್ರಿ.”

ಎಲ್ಲರಿಗಿಂತ ಹೆಚ್ಚು ನಕ್ಕವಳು ನನ್ನ ತಂಗಿ.

ಆಮೇಲೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬರ ಕೈ ಒಬ್ಬರಿಗೆ ಹಿಡಿಸಿದರು. ಮೊದಲಿನವಳು ಪಕ್ಕದವಳ ಕೈ ಅಮುಕಬೇಕು, ಅವಳು ಮುಂದಿನವಳದ್ದು. ಮೆದುಳಿನಲ್ಲಿ ಸುದ್ದಿ ಹೀಗೆ ದಾಟುತ್ತದೆ ಅಂದರು. ಎಲ್ಲರೂ ಒಟ್ಟಿಗೇ ಅಮುಕಿ ಅಂದಾಗ ಗದ್ದಲವೆದ್ದಿತು. ಬಳೆ ಒಡೆದವು, ಯಾವ ಸುದ್ದಿ ಎಲ್ಲಿಂದ ಬಂತೋ ತಿಳಿಯಲಿಲ್ಲ.

“ಫಿಟ್ಸ್ ಅಂದ್ರೆ ಇದೇ,” ಅಂದರು ಡಾಕ್ಟರಮ್ಮ. “ದೆವ್ವ ಅಲ್ಲ, ಶಾಪ ಅಲ್ಲ. ಮಾತ್ರೆ ತಗೊಂಡ್ರೆ ಹತೋಟಿಗೆ ಬರ್ತದೆ. ಬಸುರಿ ಆದ್ರೂ ಡಾಕ್ಟರನ್ನ ಕೇಳದೆ ಮಾತ್ರೆ ಬಿಡಬಾರದು. ನೀರಿನ ಹತ್ರ ಒಬ್ಬರೇ ಹೋಗಬಾರದು. ಮನೆಯೋರಿಗೆಲ್ಲ ಗೊತ್ತಿರಬೇಕು. ನಿಮ್ಮಲ್ಲಿ ಯಾರ ಮನೇಲಾದ್ರೂ ಇದೆಯೇನಮ್ಮ?”

ತಂಗಿಯ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು. ಅದು ಮೇಲೇಳುತ್ತಿರುವುದು ಗೊತ್ತಾಯಿತು. ಸಾಲಿನ ಆಚೆ ತುದಿಯಲ್ಲಿ ಸಂಬಂಧ ಕೇಳಿದ್ದ ಹುಡುಗನ ಚಿಕ್ಕಮ್ಮ ನಿಂತಿದ್ದರು. ನಾನು ಬಿಗಿಯಾಗಿ ಹಿಡಿದು ಕೆಳಗೆ ಎಳೆದೆ. ತಂಗಿ ನನ್ನ ಮುಖ ನೋಡಿದಳು, ಬಿಡಿಸಿಕೊಳ್ಳಲಿಲ್ಲ.

ಬಸ್ಸಿನಲ್ಲಿ ಕೇಳಿದಳು. “ಹೇಳಿದ್ರ ಏನಾಗ್ತಿತ್ತಕ್ಕ?”

“ಮದಿವಿ ಆದ್ರ ಎಲ್ಲ ಹೋಗ್ತೈತಿ. ಸುಮ್ನಿರು.”

“ಡಾಕ್ಟ್ರು ಹಂಗ ಅನ್ಲಿಲ್ಲ.”

“ಡಾಕ್ಟ್ರು ಬಂದು ನಿನ್ನ ಮದಿವಿ ಮಾಡ್ತಾರೇನು?”

ಮದುವೆಯಾಯಿತು. ಕಳಿಸುವ ಮುಂಚೆ ಮಾತ್ರೆಗಳನ್ನೆಲ್ಲ ಹೆಸರು ಅಚ್ಚಾಗಿದ್ದ ಹಾಳೆಯಿಂದ ಬಿಡಿಸಿ ಡಬ್ಬಿಗೆ ಹಾಕಿದೆ. ಯಾರಾದರೂ ಕೇಳಿದರೆ ರಕ್ತದ ಮಾತ್ರೆ ಅನ್ನು, ಮೈಯಲ್ಲಿ ರಕ್ತ ಕಡಿಮೆ ಅನ್ನು ಅಂತ ಹೇಳಿಕೊಟ್ಟೆ. ಹಾಗೇ ಅಂದಳು. ಅತ್ತೆ ಒಳ್ಳೆಯವರು, ಹೊತ್ತಿಗೆ ಸರಿಯಾಗಿ ಮಾತ್ರೆ ನೆನಪಿಸುತ್ತಿದ್ದರಂತೆ.

ತಂಗಿ ಬಸುರಿಯಾದಳು. ಬಸುರಿಯರು ರಕ್ತದ ಮಾತ್ರೆ ತಿಂದರೆ ಕೂಸು ಕಪ್ಪಾಗುತ್ತದೆ ಎಂದು ಎರಡೂ ಕಡೆಯ ಊರುಗಳಲ್ಲಿ ಹಳಬರು ನಂಬುತ್ತಾರೆ. ಅತ್ತೆ ಡಬ್ಬಿ ಎತ್ತಿಟ್ಟು, ಅದರ ಬದಲು ದಿನಾ ಹಾಲಿಗೆ ಕೇಸರಿ ಹಾಕಿ ಕೊಡತೊಡಗಿದರು. ತಂಗಿ ಫೋನ್ ಮಾಡಿದಳು.

“ಅಕ್ಕ, ಮಾತ್ರಿ ತೆಗೆದಿಟ್ಟಾರ. ಇದ್ದದ್ದು ಹೇಳಿಬಿಡ್ಲಾ?”

“ಈಗ ಹೇಳಿದ್ರ ಮುಚ್ಚಿಟ್ಟು ಮದಿವಿ ಮಾಡಿದ್ರು ಅಂತಾರ. ಸೀಮಂತಕ್ಕ ಬಂದು ಕರಕೊಂಡು ಬರ್ತೀನಿ. ಅಲ್ಲಿ ತನಕ ತಡಕೋ.”

“ಆತು ಬಿಡು,” ಅಂದಳು.

ಸೀಮಂತಕ್ಕೆ ಸೀರೆ ತಂದಿಟ್ಟಿದ್ದೆವು. ಬಟ್ಟೆ ಒಗೆಯಲು ಒಬ್ಬಳೇ ಕೆರೆಗೆ ಹೋದವಳು ಅಲ್ಲೇ ನೀರಿಗೆ ಬಿದ್ದಿದ್ದಳು. ಒಗೆಯುವ ಕಲ್ಲಿನ ಹತ್ತಿರ ನೀರು ಮೊಣಕಾಲಿಗೂ ಬರುತ್ತಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅತ್ತೆ ನನ್ನ ಎರಡೂ ಕೈ ಹಿಡಿದುಕೊಂಡರು. “ಮಾತ್ರೆ ಬಿಡಿಸಿದ್ದು ನಾನೇ ಕಣೇ. ರಕ್ತ ಇಲ್ದೆ ತಲೆ ತಿರುಗಿ ಬಿದ್ಲು. ಮಗು ಬೆಳ್ಳಗಿರ್ಲಿ ಅಂತ ಆಸೆಪಟ್ಟು ನಾನೇ ಅವಳನ್ನ ಕೊಂದೆ.”

“ಹಂಗನ್ಬ್ಯಾಡ್ರಿ ಅತ್ತಿ,” ಅಂದೆ. ಅಷ್ಟೇ ಅಂದೆ. ಅದು ಯಾವ ಮಾತ್ರೆ, ಅದಕ್ಕೆ ಸುಳ್ಳು ಹೆಸರು ಇಟ್ಟವರು ಯಾರು ಅನ್ನುವುದು ಬಾಯಿಗೆ ಬಂದಿತ್ತು. ಮನೆ ತುಂಬ ಜನ ಕೂತಿದ್ದರು.

ಈಗ ಅತ್ತೆ ಅಂಗನವಾಡಿ ಟೀಚರ ಜೊತೆ ಬಸುರಿಯರ ಮನೆಗಳಿಗೆ ಹೋಗುತ್ತಾರೆ. ಕರೆಯದಿದ್ದರೂ ಹೋಗುತ್ತಾರಂತೆ. “ಮಾತ್ರೆ ಬಿಡಬೇಡ ಮಗಾ, ನನ್ನ ಸೊಸೇನ ನಾನೇ ಕಳಕೊಂಡೆ,” ಎಂದು ಪ್ರತಿ ಮನೆಯಲ್ಲೂ ಮೊದಲಿನಿಂದ ಹೇಳಿಕೊಂಡು ಅಳುತ್ತಾರೆ. ಅವರ ಮಾತು ಕೇಳಿ ಎಷ್ಟೋ ಹುಡುಗಿಯರು ಮಾತ್ರೆ ನುಂಗುತ್ತಿದ್ದಾರೆ ಎಂದು ಟೀಚರೇ ನನಗೆ ಹೇಳಿದರು. ಒಳ್ಳೆಯದೇ ಆಯಿತು ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಆಗುವುದಿಲ್ಲ.

ಆ ತಪ್ಪು ನಿಮ್ಮದಲ್ಲ ಎಂದು ಹೇಳಲೆಂದೇ ಸೊರಬದ ಬಸ್ಸು ಹತ್ತುತ್ತೇನೆ. ಅತ್ತೆ ಸೊರಗಿದ್ದೀಯಲ್ಲೇ ಅನ್ನುತ್ತಾರೆ, ತಟ್ಟೆ ಹಾಕಿ ಬಡಿಸುತ್ತಾರೆ. ನಾನು ಉಂಡು ಬರುತ್ತೇನೆ.