ನಾಲ್ಕನೆಯವಳ ಕುದುರೆ

ಭಾನುವಾರ ಬಂತೆಂದರೆ ಚೊಯ್‌ಹಾಳ ಕೈಯಲ್ಲಿ ಬಟ್ಟಲು ನಿಲ್ಲುತ್ತಿರಲಿಲ್ಲ. ಒಂದಲ್ಲ ಒಂದು ಜಾರಿ ಬಿದ್ದು ಚೂರಾಗುತ್ತಿತ್ತು, ಒಳಗಿನಿಂದ ಅಂಗಡಿ ಯಜಮಾನನ ಬೈಗುಳ ಕೇಳುತ್ತಿತ್ತು. ನನ್ನ ಪೇಪರ್ ಅಂಗಡಿ ಇರುವುದು ಶಾಮ್ ಶುಯಿ ಪೋ ಬಡಾವಣೆಯಲ್ಲಿ ಅವಳು ಕೆಲಸ ಮಾಡುವ ಚಹಾದಂಗಡಿಯ ಬಾಗಿಲಿಗೆ ಅಂಟಿಕೊಂಡು. ಎಷ್ಟೋ ವರ್ಷದಿಂದ ಅವರ ಹಾಲುಚಹಾ ಕುಡಿಯುತ್ತ, ಅವರ ಜಗಳಗಳಲ್ಲಿ ಮೂಗು ತೂರಿಸುತ್ತ ಬಂದವಳು ನಾನು. ಅವಳ ಕಥೆ ಹೇಳುವುದಕ್ಕೆ ನನಗಿಂತ ಯೋಗ್ಯರು ಈ ಬೀದಿಯಲ್ಲಿ ಯಾರೂ ಇಲ್ಲ.

ಅವಳು ಚೀನಾದ ಗುವಾಂಗ್ಸಿ ಕಡೆಯ ಹಳ್ಳಿಯವಳು. ಗಂಡನನ್ನು ನಂಬಿ ಹಾಂಗ್‌ಕಾಂಗಿಗೆ ಬಂದಳು. ಆ ಮಹಾಶಯ ಗಡಿಯಾಚೆ ಲಾರಿ ಓಡಿಸುತ್ತ ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಇವಳು ಬಾಯಿ ತೆರೆದರೆ ಹಳ್ಳಿಯ ರಾಗ. ಕೇಳಿದವರು ನಗುತ್ತಾರೆಂದು ಅವಳು ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು. ಬೆಳಗಿನಿಂದ ಸಂಜೆಯವರೆಗೆ ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಲ್ಲುವಳು. ಅವಳೊಂದಿಗೆ ಯಾರಾದರೂ ಮಾತಾಡಿದರೆ ಅದು "ಬಟ್ಟಲೆಲ್ಲಿ?" ಅನ್ನುವುದಕ್ಕೆ ಮಾತ್ರ.

ಅಂಥವಳಿಗೆ ಮನುಷ್ಯರ ಸಹವಾಸ ಕೊಟ್ಟದ್ದು ಕುದುರೆ. ಅಡುಗೆಯ ಪಾಂಗ್, ಚಹಾ ಸೋಸುವ ಯಾವ್, ಬಡಿಸುವ ಕ್ವಾಯ್, ಇನ್ನೊಬ್ಬ ಮುದುಕ, ಹೀಗೆ ನಾಲ್ವರು ಸೇರಿ ಪ್ರತಿ ಭಾನುವಾರ ಕುದುರೆ ರೇಸಿಗೆ ಬಾಜಿ ಕಟ್ಟುತ್ತಿದ್ದರು. ಮುದುಕ ಕೆಲಸ ಬಿಟ್ಟು ಹೋದಾಗ ಜಾಗ ಖಾಲಿಯಾಯಿತು. ಪಾಂಗ್ ತೊಟ್ಟಿಯ ಕಡೆ ತಿರುಗಿ, "ಅಕ್ಕ, ಹತ್ತು ಡಾಲರ್ ಇದ್ರೆ ನೀನೇ ಬಾ, ಒಂದು ಕುದುರೆ ಹೇಳು" ಎಂದ. ಅವಳು ಕೈ ಒರೆಸಿಕೊಳ್ಳುವುದನ್ನೂ ಮರೆತು ಓಡಿಬಂದಳು.

ಅವರ ಲೆಕ್ಕ ಸರಳ. ತಲೆಗೊಂದು ಕುದುರೆ, ತಲೆಗೆ ಹತ್ತು ಡಾಲರ್. ಮೊದಲು ಬರುವ ಮೂರು ಕುದುರೆಗಳು ಈ ನಾಲ್ಕರ ಪೈಕಿ ಇದ್ದರೆ ಆಯಿತು, ಯಾವುದು ಮುಂದೆ ಯಾವುದು ಹಿಂದೆ ಎಂಬ ತಕರಾರಿಲ್ಲ. ನಾಲ್ವರಲ್ಲಿ ಒಂದೊಂದು ಸಲ ಒಬ್ಬೊಬ್ಬರನ್ನು ಬಿಟ್ಟು ನೋಡಿ: ಮೂರು ಮೂರು ಕುದುರೆಗಳ ನಾಲ್ಕು ತ್ರಿವಳಿಗಳಾಗುತ್ತವೆ. ಒಂದು ತ್ರಿವಳಿಗೆ ಹತ್ತು, ನಾಲ್ಕಕ್ಕೆ ನಲವತ್ತು. ನಾಲ್ವರಲ್ಲಿ ಒಬ್ಬರ ಕುದುರೆ ಕೈಕೊಟ್ಟರೂ ಚಿಂತೆಯಿಲ್ಲ. ಗೆದ್ದರೆ ನಾಲ್ಕು ಪಾಲು.

ಶನಿವಾರ ಮಧ್ಯಾಹ್ನ, ಗಿರಾಕಿ ಕಡಿಮೆಯಾದ ಮೇಲೆ, ನನ್ನ ಹತ್ತಿರ ಕುದುರೆ ಪೇಪರ್ ಕೊಂಡು ನಾಲ್ವರೂ ದುಂಡುಮೇಜಿನಲ್ಲಿ ಊಟಕ್ಕೆ ಕೂತು ತಲೆ ಸೇರಿಸುತ್ತಿದ್ದರು. ಚೊಯ್‌ಹಾ ಆರಿಸುತ್ತಿದ್ದುದು ಹೊರದೇಶದಿಂದ ಆಗಷ್ಟೇ ಬಂದಿಳಿದ, ಇಲ್ಲಿಯ ಸೆಕೆಗೆ ಇನ್ನೂ ಒಗ್ಗದ ಕುದುರೆಯನ್ನು. "ಪಾಪ, ಅದನ್ನ ಯಾರೂ ಕೇಳಲ್ಲ" ಎನ್ನುವಳು. ಕ್ವಾಯ್ ಅವಳ ರಾಗವನ್ನೇ ಅಣಕಿಸುತ್ತ, "ಪಾಆಪ! ಅಕ್ಕ, ಇದೇನು ಅನಾಥಾಶ್ರಮಾನಾ?" ಎನ್ನುವನು. ಅವಳೂ ನಗುವಳು. ಅಣಕಿಸಿಕೊಳ್ಳುವುದೂ ಒಂದು ಭಾಗ್ಯವೇ, ಆ ತೊಟ್ಟಿಯ ಮುಂದೆ ನಿಂತವಳಿಗೆ.

ಆದರೆ ಅವಳ ಕುದುರೆ ಒಮ್ಮೆಯೂ ಬರಲಿಲ್ಲ. ಗೆದ್ದಾಗಲೆಲ್ಲ ಬಂದದ್ದು ಮೂವರ ಕುದುರೆಗಳು, ಹೊರಗುಳಿದದ್ದು ಅವಳದು. ಆದರೂ ಅವಳಿಗೊಂದು ಪಾಲು ಹೋಗುತ್ತದಲ್ಲ ಎಂದು ಪಾಂಗ್‌ಗೆ ಹೊಟ್ಟೆಯುರಿ ಶುರುವಾಯಿತು. ಒಂದು ಶನಿವಾರ ಚಾಪ್‌ಸ್ಟಿಕ್ ಕೆಳಗಿಟ್ಟು ಹೇಳಿಯೇಬಿಟ್ಟ.

"ನೋಡಕ್ಕ, ಬೇಜಾರು ಮಾಡ್ಕೋಬೇಡ. ನಾಲ್ಕು ತ್ರಿವಳೀಲಿ ಮೂರರಲ್ಲಿ ನಿನ್ನ ಕುದುರೆ ಕೂತಿರುತ್ತೆ. ಮೂರು ಹತ್ತು ನೀರಿಗೆ ಹಾಕ್ದಂಗೆ. ನಾವು ಮೂರೇ ಜನ ಆದ್ರೆ ಒಂದೇ ತ್ರಿವಳಿ. ಮೂವತ್ತೂ ಅದರ ಮೇಲೇ ಕಟ್ಬಹುದು. ಬಂದ್ರೆ ಮೂರು ಪಟ್ಟು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನಗೆ ಮೈ ಉರಿಯಿತು. "ಲೋ ಪಾಂಗ್, ನಿನ್ನ ಕುದುರೇನೂ ಮೂರರಲ್ಲೇ ಇದೆ ಕಣೋ. ಎಲ್ಲರದೂ ಮೂರರಲ್ಲೇ ಇರೋದು!"

"ನಂದು ಓಡುತ್ತೆ ಚಿಕ್ಕಮ್ಮ" ಎಂದ ಆ ದಡ್ಡ ಶಿಖಾಮಣಿ.

ಯಾವ್ ಚಾವಣಿ ನೋಡಿದ. ಕ್ವಾಯ್ ಹಲ್ಲಿಗೆ ಕಡ್ಡಿ ಹಾಕಿದ. ಚೊಯ್‌ಹಾ ಮೇಜಿನ ಮೇಲಿಟ್ಟಿದ್ದ ತನ್ನ ಹತ್ತರ ನಾಣ್ಯವನ್ನು ವಾಪಸ್ ತೆಗೆದುಕೊಂಡು, ಎಲ್ಲರ ಬಟ್ಟಲುಗಳನ್ನೂ ಒಟ್ಟುಮಾಡಿ ಒಳಗೆ ಹೋದಳು. ಊಟ ಇನ್ನೂ ಮುಗಿದಿರಲಿಲ್ಲ. ಯಾರೂ ಅವಳನ್ನು ತಡೆಯಲಿಲ್ಲ.

ಮರುದಿನ ಅವಳಿಗೆ ಮೈಮೇಲೆ ಇರುವೆ ಬಿಟ್ಟಂತಾಗಿತ್ತು. ಕಸ ಎಸೆಯುವ ನೆಪದಲ್ಲಿ ಹೊರಗೆ ಬಂದಳು, ಒಳಗೆ ಹೋದಳು, ಮತ್ತೆ ಬಂದಳು. ನನ್ನ ಪೇಪರುಗಳ ಅಂಚನ್ನು ಸುಮ್ಮಸುಮ್ಮನೆ ಸರಿಮಾಡಿದಳು. ಹಿಂದಿನ ದಿನ ಮೇಜಿನ ಮುಂದೆ ಎಲ್ಲರಿಗೂ ಅವಳು ಹೇಳಿದ್ದ ಕುದುರೆಯ ಹೆಸರು ಖುಷಿ ಇಟ್ಟಿಗೆ. ಹತ್ತಕ್ಕೆ ನಾನೂರು ಎಂದು ಪೇಪರಿನಲ್ಲಿತ್ತು, ಅಂದರೆ ಹುಚ್ಚರು ಮಾತ್ರ ಕಟ್ಟುವ ಕುದುರೆ.

"ಚಿಕ್ಕಮ್ಮ, ಒಂದೇ ಕುದುರೆ ಇದ್ರೆ ಬಾಜಿ ಕಟ್ಟೋಕಾಗಲ್ವಾ?"

"ಯಾಕಾಗಲ್ಲ? ಆದ್ರೆ ತ್ರಿವಳಿ ಆಗಲ್ಲ. ಗೆಲುವಿಗೆ ಕಟ್ಟಬೇಕು. ಆಗ ಅದು ಮೊದಲೇ ಬರಬೇಕು. ಆಸರೆಗೆ ಬೇರೆ ಕುದುರೆ ಇರಲ್ಲ."

ಅವಳು ರಸ್ತೆಯಾಚೆಯ ಬಾಜಿ ಕೇಂದ್ರವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ರಬ್ಬರ್ ಕೈಗವಸು ತೊಟ್ಟುಕೊಂಡೇ ಎರಡಂತಸ್ತಿನ ಬಸ್ಸಿಗೆ ಅಡ್ಡ ಓಡಿದಳು. ಬಸ್ಸಿನವನು ಅವಳ ವಂಶವನ್ನೆಲ್ಲ ಬೈದ. ಚೀಟಿ ಏಪ್ರನ್ನಿನ ಜೇಬಿಗೆ ಸೇರಿತು.

ರೇಸ್ ಶುರುವಾಗುವ ಹೊತ್ತಿಗೆ ಮೂವರು ಗಂಡಸರು ಒಳಗಿನ ಟಿವಿಯ ಕೆಳಗೆ ನಿಂತಿದ್ದರು. ಅವಳು ಅವರ ಪಕ್ಕ ನಿಲ್ಲಲಾರದೆ ನನ್ನ ರೇಡಿಯೋಕ್ಕೆ ಕಿವಿ ಹಚ್ಚಿದಳು. ಕಾಲು ಕುಣಿಯುತ್ತಿತ್ತು. ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರು ನಾಟಿತು. ಕಡೆಯ ತಿರುವಿನಲ್ಲಿ ಪಾಂಗನ ಕುದುರೆ ಮುಂದಿತ್ತು. ಒಳಗಿಂದ ಕೇಕೆ ಕೇಳಿತು. ಆಮೇಲೆ ರೇಡಿಯೋದವನ ಗಂಟಲು ಏರಿತು, ಖುಷಿ ಇಟ್ಟಿಗೆ, ಹೊರಬದಿಯಿಂದ ಖುಷಿ ಇಟ್ಟಿಗೆ! ಒಳಗಿನ ಕೇಕೆ ನಿಂತುಹೋಯಿತು.

ಮೊದಲು ಇಟ್ಟಿಗೆ. ಎರಡನೆಯದು ಯಾವ್ ಹೇಳಿದ್ದು, ಮೂರನೆಯದು ಕ್ವಾಯ್ ಹೇಳಿದ್ದು. ಮುಗ್ಗರಿಸಿ ನಾಲ್ಕಕ್ಕೆ ಬಿದ್ದದ್ದು ಪಾಂಗನ ಕುದುರೆ! ಹಿಂದಿನಂತೆ ನಾಲ್ವರೂ ಕಟ್ಟಿದ್ದರೆ ಆ ತ್ರಿವಳಿಗೆ ಸಾವಿರಗಟ್ಟಲೆ ಬರುತ್ತಿತ್ತು.

ನಾನು ಕುಣಿಯುವವಳಿದ್ದೆ. ಅವಳ ಮುಖ ನೋಡಿ ಸುಮ್ಮನಾದೆ. ಗೆದ್ದವಳ ಮುಖ ಅದಲ್ಲ. ಜೇಬಿನ ಮೇಲೆ ಕೈಯಿಟ್ಟುಕೊಂಡು ಅಂಗಡಿಯ ಬಾಗಿಲನ್ನೇ ನೋಡುತ್ತಿದ್ದಳು.

ಮೂವರೂ ಹೊರಗೆ ಬಂದರು. ಯಾವ್ ಪಾಂಗನನ್ನು ಉಗಿಯುತ್ತಲೇ ಬಂದ. "ಮೂರು ಪಟ್ಟಂತೆ, ಮೂರು ಪಟ್ಟು! ಥೂ ನಿನ್ನ! ಹೊರಗೆ ಹಾಕ್ಬೇಕಾಗಿದ್ದು ನಿನ್ನ!" ಪಾಂಗನ ಮುಖ ಹುರಿದ ಹಂದಿಯ ಬಣ್ಣಕ್ಕೆ ತಿರುಗಿತ್ತು. ಅವನು ಚೊಯ್‌ಹಾಳ ಮುಂದೆ ನಿಂತು, ಕಣ್ಣೆತ್ತದೆ ಕೇಳಿದ.

"ಅಕ್ಕ... ನೀನೊಬ್ಬಳೇ ಕಟ್ಟಿದ್ಯಾ?"

ನಾನು ಬಾಯಿ ತೆರೆದೆ. ಅವಳ ಒದ್ದೆ ಬೂಟು ನನ್ನ ಪಾದದ ಮೇಲೆ ಬಿತ್ತು.

"ಇಲ್ಲಪ್ಪ. ಒಂದೇ ಕುದುರೆ ಇಟ್ಕೊಂಡು ನಾನೇನು ಕಟ್ಲಿ?"

ಪಾಂಗ್ ಉಸಿರು ಬಿಟ್ಟ. "ಅಯ್ಯೋ, ಹಂಗಾದ್ರೆ ನಾಲ್ಕೂ ಜನ ಮುಳುಗಿದ್ವಿ."

"ನಮ್ಮ ದುಡ್ಡೂಊ!" ಎಂದು ಚೊಯ್‌ಹಾ ತನ್ನ ಹಳ್ಳಿಯ ರಾಗದಲ್ಲೇ ಹಣೆ ಬಡಿದುಕೊಂಡಳು, ಬೀದಿಯ ಆಚೆ ತುದಿಗೆ ಕೇಳುವ ಹಾಗೆ. ಕ್ವಾಯ್ ಅದನ್ನು ಅಣಕಿಸಿದ. ಯಾವ್‌ಗೂ ನಗು ತಡೆಯಲಾಗಲಿಲ್ಲ. ಮುಂದಿನ ವಾರ ಅಕ್ಕನ ಕುದುರೇನೇ ಮೊದಲು ಬರೆಯಬೇಕೆಂದು ಪಾಂಗ್ ಎಲ್ಲರ ಮುಂದೆ ಆಣೆ ಮಾಡಿದ. ನಾಲ್ವರೂ ಅಲ್ಲೇ ನಿಂತು, ಕೈತಪ್ಪಿದ ಆ ಸಾವಿರಗಳ ಬಗ್ಗೆ ಒಟ್ಟಿಗೆ ಗೋಳಾಡಿದರು.

ಗಂಡಸರು ಒಳಗೆ ಹೋದ ಮೇಲೆ ನಾನು ಅವಳ ರಟ್ಟೆ ಹಿಡಿದೆ. ಸಿಟ್ಟು ತಡೆಯಲಾಗುತ್ತಿರಲಿಲ್ಲ. "ಜೇಬಲ್ಲಿ ನಾನೂರು ಇಟ್ಕೊಂಡು ಏನೇ ಆ ನಾಟಕ? ಅವರ ಮುಖಕ್ಕೆ ಹಿಡಿಯೋದಲ್ವಾ ಚೀಟೀನ?"

"ಸುಮ್ನಿರು ಚಿಕ್ಕಮ್ಮ" ಎಂದಳು, ಕಣ್ಣೊರೆಸಿಕೊಳ್ಳುತ್ತ. "ಸೋಲಿಗಾದ್ರೂ ನನ್ನ ಸೇರಿಸ್ಕೊಂಡಿದ್ದಾರೆ."