ಬ್ಯಾಟರಿಗೂ ರೋಜಾ

ಕಮಲಾಪುರದ ಬುರ್ಹಾನುದ್ದೀನ್ ಅಂದರೆ ಬ್ಯಾಟರಿ ಜೋಪಾನದಲ್ಲಿ ಓಣಿಗೆಲ್ಲ ಉಸ್ತಾದ್. ಕಪನೂರಿನ ದಾಲ್ ಮಿಲ್ಲಿನಲ್ಲಿ ಮೋಟಾರು ರಿಪೇರಿ ಮಾಡುವ ಮನುಷ್ಯ. ಅವನ ಗುಂಡಿ ಫೋನಿನ ಅಂಕಿಗಳೆಲ್ಲ ಅಳಿಸಿಹೋಗಿದ್ದವು, ಬ್ಯಾಟರಿ ಮಾತ್ರ ಕೊಂಡಾಗಿನದೇ. ಗುಟ್ಟೇನು ಅಂತ ಯಾರಾದರೂ ಕೇಳಿದರೋ, ಕೆಟ್ಟರು! ಗಡ್ಡ ನೀವಿಕೊಂಡು ಶುರು ಹಚ್ಚುತ್ತಿದ್ದ.

“ಬ್ಯಾಟರಿಗೂ ರೋಜಾ ಬೇಕ್ರೀ, ಉಪಾಸ. ಹೊಟ್ಟಿ ಪೂರಾ ಖಾಲಿ ಆಗ್ಬೇಕು, ಆಮ್ಯಾಲ ಗಂಟಲಮಟ ತುಂಬಿಸ್ಬೇಕು. ನಡುವ ತಿನ್ನಿಸಿದ್ರ ಕೆಡ್ತದ.”

ಹಳೇ ಕಾಲದ ಬ್ಯಾಟರಿಗೆ ಅದು ಒಪ್ಪುವ ಮಾತೇ. ಕಾಲ ಬದಲಾಗಿದೆ ಅಂತ ಮಗಳು ಸನೋಬರ್ ಹೇಳಿ ನೋಡಿದಳು. “ಅಬ್ಬಾ, ಈಗಿನವು ಹಂಗಲ್ಲ. ಪೂರಾ ಖಾಲಿ ಬಿಡಬಾರದು, ಬಿಸಿ ಜಾಗಾದಾಗ ಇಡಬಾರದು. ಸ್ವಲ್ಪ ಉಳಿದಾಗನ ಚಾರ್ಜಿಗೆ ಹಚ್ಚಬೇಕು.”

“ನನಗ ಕಲಿಸಾಕ ಬಂದಾಳ ನೋಡು!” ಅಂತ ನಕ್ಕು ತಳ್ಳಿಹಾಕಿದ. ಫೋನಿನ ಮಟ್ಟಿಗೆ ಎಲ್ಲ ನಗೆಚಾಟಿಕೆಯೇ ಆಗಿತ್ತು.

ಆದರೆ ಹೆಂಡತಿ ಮಸ್ತಾನಬಿಯ ಶ್ವಾಸಕೋಶ ಕೈಕೊಟ್ಟಿತು. ಡಾಕ್ಟರು ಹೆಗಲಿಗೆ ಹಾಕಿಕೊಳ್ಳುವಂಥ ಆಕ್ಸಿಜನ್ ಮಷಿನ್ ಬರೆದುಕೊಟ್ಟರು. ಕರೆಂಟಿದ್ದರೆ ಪ್ಲಗ್ಗಿನ ಮೇಲೆ, ಹೋದರೆ ಬ್ಯಾಟರಿಯ ಮೇಲೆ ಓಡುವಂಥದ್ದು. ಕಮಲಾಪುರದ ಕರೆಂಟು ಯಾವಾಗ ಹೋಗುತ್ತದೆ ಅಂತ ಆ ಕರೆಂಟಿಗೇ ಗೊತ್ತಿರುವುದಿಲ್ಲ. ಹಾಗಾಗಿ ಬ್ಯಾಟರಿಯೇ ಆಕೆಯ ಉಸಿರು.

ಅಂಥದ್ದನ್ನು ಈ ಪುಣ್ಯಾತ್ಮ ಜೋಪಾನ ಮಾಡಿದ ಚಂದ ಕೇಳಬೇಕು. ಶುಕ್ರವಾರದ ಜುಮ್ಮಾ ನಮಾಜು ಮುಗಿಸಿ ಬಂದವನೇ ಪ್ಲಗ್ ಕೀಳುವುದು. ಹೆಂಡತಿಯ ಮೂಗಿಗೆ ನಳಿಕೆ ಇದ್ದ ಹಾಗೆಯೇ, ಮಷಿನ್ ಕೂಗಿ ಕೂಗಿ ಬಾಯಿ ಮುಚ್ಚುವ ತನಕ ಓಡಿಸುವುದು. ಆಮೇಲೆ ಬಿಸ್ಮಿಲ್ಲಾ ಅಂದು ಪ್ಲಗ್ ಹಚ್ಚುವುದು. ಅದೂ ಎಲ್ಲಿ? ಬಿಸಿಲಿಗೆ ಕಾದು ಕೆಂಡವಾದ ತಗಡಿನ ಗೋಡೆಯ ಪಕ್ಕ. ವಾರ ತಪ್ಪದೆ ಇದೇ ಸೇವೆ, ಇದೇ ಪ್ರೀತಿ.

ಬೇಸಿಗೆಯಲ್ಲಿ ಶಹರದ ಸೇಡಂ ರಸ್ತೆಯ ಆಸ್ಪತ್ರೆಗೆ ತೋರಿಸಿಕೊಂಡು ಬರಲು ಕರೀಂಸಾಬನ ಜೀಪು ಹಿಡಿದು ಮೂವರೂ ಹೊರಟರು. ಬ್ಯಾಟರಿ ತುಂಬಿದೆ ಅಂತ ಮಷಿನ್ ತೋರಿಸುತ್ತಿತ್ತು. ಮಹಾಗಾಂವ ಕ್ರಾಸ್ ಬರುವಷ್ಟರಲ್ಲಿ ಅರ್ಧಕ್ಕಿಳಿಯಿತು. ಕ್ರಾಸ್ ದಾಟಿದ್ದೇ ತಡ, ಕೂಗಿಕೊಂಡು ಬಂದ್ ಆಯಿತು.

ಮಸ್ತಾನಬಿಯ ತುಟಿ ನೀಲಿಗಟ್ಟಿತು. ಗಂಡನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಳು. “ಜಲ್ದಿ ಹೊಡಿಯೋ ಕರೀಂ, ನಿನ್ನ ಕಾಲಿಗೆ ಬೀಳ್ತೇನಿ!” ಅಂತ ಬುರ್ಹಾನುದ್ದೀನ್ ಚೀರಿದ. ಆಸ್ಪತ್ರೆ ಇನ್ನೂ ದೂರ, ಕಪನೂರು ಹತ್ತಿರ. ಜೀಪನ್ನು ಸೀದಾ ತನ್ನ ಮಿಲ್ಲಿಗೆ ನುಗ್ಗಿಸಿ, ಹೆಂಡತಿಯನ್ನು ಎತ್ತಿಕೊಂಡು ಮಾಲೀಕರ ಆಫೀಸಿಗೆ ಓಡಿದ. ಫ್ಯಾನಿನ ಪ್ಲಗ್ ಕಿತ್ತು ಮಷಿನ್ ಹಚ್ಚಿದ. ಅಲ್ಲಾಹ್ ದೊಡ್ಡವನು, ಕರೆಂಟಿತ್ತು. ಆಕೆ ಮೆಲ್ಲಗೆ ಕಣ್ಣು ಬಿಟ್ಟಳು.

ಮಿಲ್ಲಿನವರು ಕರೆಸಿದ ಆಂಬ್ಯುಲೆನ್ಸಿನಲ್ಲಿ ಆಸ್ಪತ್ರೆ ಸೇರಿದರು. ಅಲ್ಲಿ ಮಷಿನ್ ನೋಡಿಕೊಳ್ಳುವ ರಾಜೇಶ್ರೀ ಎಲ್ಲ ಕೇಳಿ ತಲೆಗೆ ಕೈ ಹಚ್ಚಿಕೊಂಡಳು. “ಕಾಕಾ, ವಾರ ವಾರ ಪೂರಾ ಖಾಲಿ ಮಾಡಿ, ಮ್ಯಾಲ ಬಿಸಿ ಗ್ವಾಡಿ ಬಾಜೂಕ ಇಟ್ಟೀರಿ. ಬ್ಯಾಟರಿ ಉಳೀತದೇನ್ರೀ?” ಸನೋಬರ್ ನೆಲ ನೋಡುತ್ತ ನಿಂತಳು. ಹೇಳಿರಲಿಲ್ಲವೇ ಅಂತ ಅನ್ನಲಿಲ್ಲ ಆ ಹುಡುಗಿ.

ವಾರ್ಡಿನಲ್ಲಿ ಹೆಂಡತಿಯ ಪಕ್ಕ ಕೂತು ಬುರ್ಹಾನುದ್ದೀನ್ ಮಕ್ಕಳ ಹಾಗೆ ಅತ್ತ. “ನನ್ನ ಕೈಯಾರೆ ನಿನ್ನ ಕೊಲ್ಲಾಕ ಹೊಂಟಿದ್ನಲ್ಲೇ.”

“ಅಳಬ್ಯಾಡ್ರೀ,” ಅಂದಳು ಮಸ್ತಾನಬಿ, ಉಸಿರು ಕೂಡಿಸಿಕೊಳ್ಳುತ್ತ. “ಒಂದು ಮಾತು ಹೇಳ್ತೇನಿ. ಜುಮ್ಮಾ ಬಂತಂದ್ರ ಮುಂಜಾನಿಂದನ ಗಡಿಯಾರ ನೋಡಕೋತ ಇರ್ತಿದ್ದೆ. ಅದು ಬಂದ್ ಆದ ಮ್ಯಾಲ, ನೀವು ಪ್ಲಗ್ ಹಚ್ಚೂ ತನಕ ಇದೇ ಕಡೀ ಉಸಿರೇನೋ ಅಂತ ನಾ ಕಲ್ಮಾ ಓದಕೋತ ಕುಂದರ್ತಿದ್ದೆ.”

ಅವನು ಕಣ್ಣೊರೆಸಿಕೊಂಡು ಆಕೆಯ ಮುಖ ನೋಡಿದ. “ಒಮ್ಮಿನೂ ಬ್ಯಾಡ ಅನ್ಲಿಲ್ಲಲ್ಲ ನೀ!”

“ನನ್ನ ಉಳಸಾಕಂತ ಅಷ್ಟು ಖುಷಿಲೆ ಮಾಡ್ತಿದ್ರಿ. ಹ್ಯಾಂಗ ಅನ್ಲಿ?”

ಮಸ್ತಾನಬಿ ತಲೆದಿಂಬಿನ ಪಕ್ಕದಲ್ಲಿದ್ದ ಮಷಿನ್ನಿನ ಚಾರ್ಜರ್ ತೆಗೆದು ಮಗಳ ಕೈಗಿಟ್ಟಳು. “ಇನ್ನ ಮ್ಯಾಲ ಇದನ್ನ ನೀನ ನೋಡವ್ವಾ. ಅಬ್ಬಾನ ಕೈಗೆ ಕೊಡಬ್ಯಾಡ.”

ಬುರ್ಹಾನುದ್ದೀನ್ ತಲೆ ತಗ್ಗಿಸಿ ಹೂಂ ಅಂದ.