ಈರಣ್ಣ ಇಟ್ಟ ಆಣೆ

ಅತ್ತಿಗೆ, ಜಿಲ್ಲಾ ಬೋರ್ಡಿನ ಅಧ್ಯಕ್ಷರ ಚುನಾವಣೆಯಲ್ಲಿ ಪಕ್ಷಕ್ಕೆ ಕೈಕೊಟ್ಟವನು ನಿಮ್ಮ ಗಂಡ ಈರಣ್ಣನಲ್ಲ, ನಾನು. ಇದನ್ನು ಅವನು ಬದುಕಿದ್ದಾಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವನ ತಿಥಿಯ ಊಟ ಮಾಡಿ ಬಂದ ಮೇಲೆ ಬರೆಯುತ್ತಿದ್ದೇನೆ — ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ನಮ್ಮ ಪಕ್ಷ ನಿಲ್ಲಿಸಿದ್ದು ಆಲ್ದೂರು ಕಡೆಯ ಒಬ್ಬ ಎಸ್ಟೇಟ್ ಸಾಹುಕಾರರನ್ನು. ನಿನ್ನೆ ಮೊನ್ನೆ ಖಾದಿ ಉಟ್ಟವರು. ಮೂಡಿಗೆರೆಯ ಪಕ್ಷದ ಕಚೇರಿಯಲ್ಲಿ ಎಲ್ಲರೂ ತಲೆಯಾಡಿಸಿದಾಗ ಈರಣ್ಣ ಒಬ್ಬನೇ ಎದ್ದು ನಿಂತ. ಮೇಸ್ತ್ರಿಯ ಕೈಯಲ್ಲಿ ಆಳುಗಳಿಗೆ ಬೆತ್ತದ ಏಟು ಹಾಕಿಸುವವರಿಗೆ ಸ್ವರಾಜ್ಯದ ಮಾತು ಯಾಕೆ ಎಂದು ಕೇಳಿದ. ಆದರೂ ಬಹುಮತ ಸಾಹುಕಾರರ ಕಡೆಗೇ ಬಿತ್ತು. “ಆಯ್ತು, ಪಕ್ಷ ಹೇಳಿದ್ ಮೇಲೆ ಮುಗೀತು. ನನ್ನ ಓಟು ಅವ್ರಿಗೇ” ಎಂದು ಕೂತ. ಹಾಗೇ ಹಾಕಿದ ಕೂಡ. ಅವನ ಮಾತು ನಾಟಿದ್ದು ನನಗೆ — ಗುಟ್ಟಿನ ಚೀಟಿ, ಯಾರಿಗೂ ತಿಳಿಯುವುದಿಲ್ಲವೆಂದು ಎದುರಿನವರಿಗೆ ಹಾಕಿದೆ. ಸಾಹುಕಾರರು ಒಂದೇ ಓಟಿನಲ್ಲಿ ಸೋತರು. ಬೋರ್ಡಿನಲ್ಲಿದ್ದ ನಮ್ಮ ಸದಸ್ಯರಲ್ಲೇ ಒಬ್ಬ ತಿರುಗಿಬಿದ್ದಿದ್ದಾನೆಂದು ಎಲ್ಲರಿಗೂ ಗೊತ್ತಾಯಿತು. ಅನುಮಾನ ಬಾಯಿಬಿಟ್ಟು ಆಡಿದವನ ಮೇಲೆ ಬಂತು. ಬಾಯಿ ಮುಚ್ಚಿಕೊಂಡು ಕೂತವನ ಮೇಲೆ ಯಾಕೆ ಬಂದೀತು?

ವಿಚಾರಣೆಯ ದಿನ ಈರಣ್ಣ ವಾದ ಮಾಡಲಿಲ್ಲ. “ಎಲ್ರೂ ಘಟ್ಟ ಇಳಿದು ಧರ್ಮಸ್ಥಳಕ್ಕೆ ಹೋಗಣ. ಒಬ್ಬೊಬ್ರೇ ಆಣೆ ಇಡಣ. ಸುಳ್ಳು ಹೇಳ್ದವ್ನ ದೇವ್ರೇ ನೋಡ್ಕೊಳ್ಳಲಿ” ಎಂದ. ಕೆಲವರು ಹೂಂ ಎಂದರು. ಆದರೆ ವಕೀಲ ನಾನು, ಮಾತಿಗೇನು ಬರ — “ಆಣೆ, ಪ್ರಮಾಣ ಎಲ್ಲ ಹಳೇ ಕಾಲದ್ದು. ದೇಶ ಕಟ್ಟಕ್ಕೆ ಹೊರಟವ್ರು ನಾವು, ದೇವಸ್ಥಾನದಲ್ಲಿ ತೀರ್ಮಾನ ಮಾಡದಾ?” ಎಂದೆ. ಚಪ್ಪಾಳೆ ಬಿತ್ತು. ಅವನನ್ನು ಪಕ್ಷದಿಂದ ಹೊರಹಾಕುವ ನಿರ್ಣಯವನ್ನು ಅನುಮೋದಿಸಿದವನೂ ನಾನೇ. “ನಿಂಗೂ ಹಂಗೇ ಅನ್ಸುತ್ತಾ ಮಾರಾಯ?” ಎಂದಷ್ಟೇ ಕೇಳಿ ಅವನು ಎದ್ದುಹೋದ.

ಕೊನೆಗೆ ಒಬ್ಬನೇ ಘಟ್ಟ ಇಳಿದ. ಪಕ್ಷಕ್ಕೆ ತಾನು ಎರಡು ಬಗೆದಿಲ್ಲ ಎಂದು ದೇವರ ಮುಂದೆ ಆಣೆ ಇಟ್ಟು ಬಂದ. ಆ ಮಳೆಗಾಲ ಕಳೆಯುವಷ್ಟರಲ್ಲಿ ನಿಮ್ಮ ಮಗಳು ಸಾವಿತ್ರಿ ಚಳಿಜ್ವರದಲ್ಲಿ ಹೋದಳು. ಆ ವರ್ಷ ಚಳಿಜ್ವರ ಯಾರ ಮನೆಯನ್ನು ಬಿಟ್ಟಿತ್ತು? ಆದರೂ ಸಂತೆಯಲ್ಲಿ, ಕಾಫಿ ಕಣದಲ್ಲಿ, ಎಲ್ಲರದ್ದೂ ಒಂದೇ ಮಾತು — ಸುಳ್ಳು ಆಣೆ ಇಟ್ಟ, ದೇವರು ಬಿಡಲಿಲ್ಲ. ನನಗೆ ಚಪ್ಪಾಳೆ ತಟ್ಟಿದವರೇ ಹಾಗೆಂದರು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ.

ಸಾವಿನ ಮನೆಯೆಂದು ಮಾತಾಡಿಸಲು ನಾನೂ ಬಂದೆ, ಅತ್ತಿಗೆ. ನೀವು ಮಗುವಿನ ಲಂಗವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಿರಿ. ಬಾಗಿಲಲ್ಲಿದ್ದ ನನ್ನನ್ನು ನೋಡಲಿಲ್ಲ. “ಈಗಾದ್ರೂ ನಿಜ ಹೇಳಿ. ಸುಳ್ಳು ಆಣೆ ಇಟ್ರಾ?” ಎಂದು ಅವನನ್ನು ಕೇಳಿದಿರಿ. ಅವನು ತಲೆ ಎತ್ತಿ ನನ್ನ ಕಡೆ ನೋಡಿದ. ನಾನು — ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಅವನಿಗೆ ಗೊತ್ತಿತ್ತೋ ಇಲ್ಲವೋ... ಕೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ಆಮೇಲೆ ನಿಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತೆಂದು ಕೇಳಿದ್ದೇನೆ. ಆಣೆಯಿಂದ ತಪ್ಪಿಸಿಕೊಂಡವನು ನಾನು, ನನ್ನ ಮಕ್ಕಳು ಮೂವರೂ ಗಟ್ಟಿಮುಟ್ಟಾಗಿದ್ದಾರೆ. ಅವರನ್ನು ನೋಡಿದಾಗೆಲ್ಲ ನನಗೆ... ಇರಲಿ, ಅದನ್ನು ನಿಮ್ಮ ಮುಂದೆ ಹೇಳುವ ಹಕ್ಕು ನನಗಿಲ್ಲ. ಭಾನುವಾರದ ಸಭೆಯಲ್ಲಿ ಎದ್ದು ನಿಂತು ಇದನ್ನೇ ಹೇಳುತ್ತೇನೆ. ಪಕ್ಷ ನನ್ನನ್ನು ಏನು ಬೇಕಾದರೂ ಮಾಡಲಿ. ಅದಕ್ಕೆ ಮೊದಲು ನಿಮಗೆ ತಿಳಿಯಬೇಕು. ಅವತ್ತು ನೀವು ಕೇಳಿದ್ದಕ್ಕೆ ಉತ್ತರ ಕೊಡಬೇಕಿದ್ದವನು ಅವನಲ್ಲ, ನಾನು. ಈರಣ್ಣ ಸುಳ್ಳು ಆಣೆ ಇಡಲಿಲ್ಲ, ಅತ್ತಿಗೆ. ಮಗು ಹೋದದ್ದು ಅಪ್ಪನಿಂದಲ್ಲ.